ಸೂಕ್ಷ್ಮದರ್ಶಕದ ಕತ್ತಲ ಗೂಡು

ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಹೊರಬೆಳಕು ತಾಗದಂತೆ ಕಟ್ಟುವ ಕತ್ತಲ ಗೂಡಿನ ಚರಿತ್ರೆ ಮುನ್ನೂರು ವರ್ಷಗಳಿಗೆ ಹತ್ತಿರವಾಗುತ್ತಿದೆ. ಮೊದಲು ಅದು ಇಡೀ ಕೋಣೆಯಾಗಿತ್ತು. ಆಮೇಲೆ ಕೋಣೆಯ ಮೂಲೆಯ ಕರಿ ಪರದೆಯಾಯಿತು, ಮುಂದೆ ಉಪಕರಣದ ಕೊಳವೆಯೊಳಗೇ ಅಡಗಿಕೊಂಡಿತು, ಈಚಿನ ಮೂರು ದಶಕಗಳಲ್ಲಿ ಮೇಜಿನ ಮೇಲಿನ ಪೆಟ್ಟಿಗೆಯಾಗಿ ಮರಳಿ ಬಂದಿದೆ. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ, ಮಣ್ಣಗುಡ್ಡ, ಉರ್ವ, ಬಿಜೈಗಳ ಮುರಕಲ್ಲಿನ ಗೋಡೆ ಮತ್ತು ಹಂಚಿನ ಮಾಡುಗಳ ನಡುವೆ, ಈ ಗೂಡಿಗೆ ಇನ್ನೊಂದು ಹೊಣೆಯೂ ಬೀಳುತ್ತದೆ. ಬೆಳಕನ್ನು ತಡೆಯುವ ಗೋಡೆ ಗಾಳಿಯನ್ನೂ ತಡೆಯುತ್ತದೆ. ಗಾಳಿ ಆಡದ ಕಡೆ ತೇವ ನಿಂತು ಗಾಜಿನ ಮೇಲೆ ಬೂಸ್ಟು ಹಿಡಿಯುತ್ತದೆ. ಕತ್ತಲನ್ನು ಕಟ್ಟಿದವರ ಕಥೆ ಹೇಳುವಾಗ ತೇವದ ಜೊತೆಗಿನ ಈ ಸೆಣಸಾಟವನ್ನು ಬಿಟ್ಟುಬಿಡುವಂತಿಲ್ಲ.

1730ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ವೈದ್ಯ ಯೋಹಾನ್ ನಥಾನಿಯೆಲ್ ಲೀಬರ್‌ಕ್ಯೂನ್ ಲಂಡನ್ನಿನಲ್ಲಿ ಪ್ರದರ್ಶಿಸಿದ ಸೌರ ಸೂಕ್ಷ್ಮದರ್ಶಕದಿಂದ ಈ ಚರಿತ್ರೆ ಶುರುವಾಗುತ್ತದೆ. ಕಿಟಕಿಯ ಬಾಗಿಲಲ್ಲಿ ಒಂದು ತೂತು, ಅದರ ಹೊರಗೆ ಸೂರ್ಯನ ಬೆಳಕನ್ನು ಒಳಕ್ಕೆ ತಿರುಗಿಸಲು ಆಮೇಲೆ ಸೇರಿಕೊಂಡ ಕನ್ನಡಿ, ಒಳಗೆ ಮಸೂರಗಳ ಕೊಳವೆ. ಎದುರಿನ ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಚಿಗಟದ ಕಾಲು ಆಳೆತ್ತರಕ್ಕೆ ಮೂಡುತ್ತಿತ್ತು. ಈ ಏರ್ಪಾಟಿನಲ್ಲಿ ಸೂಕ್ಷ್ಮದರ್ಶಕ ಕೋಣೆಯೊಳಗೆ ಇರಲಿಲ್ಲ, ಕೋಣೆಯೇ ಸೂಕ್ಷ್ಮದರ್ಶಕದ ಒಂದು ಭಾಗವಾಗಿತ್ತು. ನೋಡುವವರು ಉಪಕರಣದ ಹೊಟ್ಟೆಯೊಳಗೆ ಕುಳಿತಿರುತ್ತಿದ್ದರು. ಕಿಟಕಿಯ ಸಂದಿಗಳಿಗೆ ಬಟ್ಟೆ ತುರುಕಿ, ಬಾಗಿಲಿಗೆ ದಪ್ಪ ಪರದೆ ಎಳೆದು, ಹೊರಬೆಳಕಿನ ಪ್ರತಿ ಎಳೆಯನ್ನೂ ಮುಚ್ಚದಿದ್ದರೆ ಬಟ್ಟೆಯ ಮೇಲಿನ ಚಿತ್ರ ತೊಳೆದಂತೆ ಮಾಸಿಹೋಗುತ್ತಿತ್ತು. ಮೋಡ ಬಂದರೆ ಆಟ ನಿಂತಿತು. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ನಮ್ಮ ಕರಾವಳಿಗೆ ಒಗ್ಗುವ ಉಪಕರಣ ಅದಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಸಂಶೋಧನೆಯ ಸೂಕ್ಷ್ಮದರ್ಶಕ ಕಿಟಕಿಯ ಪಕ್ಕದ ಮೇಜಿಗೆ ಬಂದಿತು. ಕೆಳಗಿನ ಪುಟ್ಟ ಕನ್ನಡಿ ಆಕಾಶದ ಬೆಳಕನ್ನು ಸ್ಲೈಡಿನ ಮೂಲಕ ಮೇಲಕ್ಕೆ ಕಳಿಸುತ್ತಿತ್ತು, ನೋಡುವವರು ಒಂದೇ ಕಣ್ಣಿಗೆ ಕೊಳವೆ ಹಚ್ಚಿ ನೋಡುತ್ತಿದ್ದರು. ತೊಂದರೆ ಇದ್ದದ್ದು ಇನ್ನೊಂದು ಕಣ್ಣಿನಲ್ಲಿ. ಅದಕ್ಕೆ ಬೀಳುವ ಕಿಟಕಿಯ ಬೆಳಕು ಗಮನವನ್ನು ಕದಿಯುತ್ತಿತ್ತು. ಹಾಗಾಗಿ ಕೊಳವೆಗೆ ಸಿಕ್ಕಿಸುವ ಕಪ್ಪು ಬಿಲ್ಲೆ, ಸ್ಲೈಡಿನ ಮುಂದೆ ನಿಲ್ಲಿಸುವ ಕಪ್ಪು ರಟ್ಟು, ತಲೆ ಮತ್ತು ಕೊಳವೆ ಎರಡನ್ನೂ ಮುಚ್ಚುವ ಕರಿ ಬಟ್ಟೆ ಬಳಕೆಗೆ ಬಂದವು. ಕರಿ ಬಟ್ಟೆ ಛಾಯಾಗ್ರಾಹಕರ ಕೊಡುಗೆ. ಪ್ಲೇಟ್ ಕ್ಯಾಮೆರಾದ ಹಿಂದೆ ತಲೆ ತೂರಿಸಿ ಚಿತ್ರ ಹೊಂದಿಸುತ್ತಿದ್ದವರ ಕಸುಬು, ಸೂಕ್ಷ್ಮದರ್ಶಕದ ಮೇಲೆ ಕ್ಯಾಮೆರಾ ಕೂರಿಸುವ ಕೆಲಸ ಶುರುವಾದಾಗ ಹಾಗೆಯೇ ಪ್ರಯೋಗಾಲಯಕ್ಕೆ ದಾಟಿತು.

1893ರಲ್ಲಿ ಜರ್ಮನಿಯ ಆಗಸ್ಟ್ ಕ್ಯೋಲರ್ ಪ್ರಕಟಿಸಿದ ಬೆಳಕಿನ ಹೊಂದಾಣಿಕೆಯ ವಿಧಾನ ಕತ್ತಲಿನ ಪ್ರಶ್ನೆಯನ್ನು ಉಪಕರಣದ ಒಳಕ್ಕೆ ತಂದಿತು. ಕಣ್ಣಿಗೆ ಕಾಣುವ ವೃತ್ತದ ಹೊರಗೆ ಬೆಳಕು ಬೀಳದಂತೆ ದೀಪದ ಬಳಿಯೇ ಒಂದು ಕಂಡಿಯನ್ನು ಕಿರಿದು ಮಾಡುವುದು ಅದರ ತಿರುಳು. ಬೇಡದ ಬೆಳಕು ಹುಟ್ಟುವ ಜಾಗದಲ್ಲೇ ಅದನ್ನು ಕತ್ತರಿಸಿದರೆ ಕೊಳವೆಯ ಒಳಗೋಡೆಗೆ ಬಡಿದು ಚೆದುರುವುದಕ್ಕೆ ಏನೂ ಉಳಿಯುವುದಿಲ್ಲ. ಇಂದಿಗೂ ಸೂಕ್ಷ್ಮದರ್ಶಕ ಕಲಿಸುವ ಪ್ರತಿ ತರಗತಿಯ ಮೊದಲ ಪಾಠಗಳಲ್ಲಿ ಇದೊಂದು. ಕೊಳವೆಗಳ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುವುದೂ ಇದೇ ಉದ್ದೇಶಕ್ಕೆ.

ಬ್ರಿಟಿಷರ ಕಾಲದ ದಕ್ಷಿಣ ಭಾರತದಲ್ಲಿ ಬೆಳಕು, ಗಾಳಿ, ತೇವಗಳ ಜಗಳ ಎಷ್ಟು ಕಠಿಣವಾಗಿತ್ತು ಎಂಬುದಕ್ಕೆ ವೈದ್ಯ ರೊನಾಲ್ಡ್ ರಾಸ್ ಅವರ ಅನುಭವ ಸಾಕ್ಷಿ. 1895ರಲ್ಲಿ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ನಿಯೋಜನೆಗೊಂಡಿದ್ದ ಅವರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯ ಒಂದು ಸಣ್ಣ, ಬೆಳಕು ಕಡಿಮೆಯ, ಬಿಸಿ ಕೋಣೆಯಲ್ಲಿ. ಪಂಖ ಬೀಸಿದರೆ ಕೊಯ್ದಿಟ್ಟ ಸೊಳ್ಳೆಗಳು ಹಾರಿಹೋಗುವುದರಿಂದ ಅದನ್ನೂ ನಿಲ್ಲಿಸಿದ್ದರು. ಹಣೆಯಿಂದ, ಕೈಯಿಂದ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಕೊನೆಗೆ ಉಳಿದಿದ್ದ ಕಣ್ಣುಮಸೂರವೂ ಬಿರುಕು ಬಿಟ್ಟಿತ್ತು. ಮುಚ್ಚಿದ ಜಾಗದಲ್ಲಿ ಸೂಕ್ಷ್ಮದರ್ಶಕಕ್ಕೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ದಾಖಲೆ ಸಿಗುವುದು ಕಷ್ಟ. ಮುಂದಿನ ದಶಕದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದರು. ಆ ರೋಗ ತರುವ ಶಿಲೀಂಧ್ರದಂಥ ಜೀವಿ ಬೆಳೆಯುವುದೇ ಜಡಿಮಳೆಯ ತಿಂಗಳುಗಳಲ್ಲಿ. ನೋಡಬೇಕಾದ ಜೀವಿಗೂ ನೋಡುವ ಗಾಜನ್ನು ಕೆಡಿಸುವ ಜೀವಿಗೂ ಒಂದೇ ಹವೆ ಹಿತ ಎಂಬುದು ಮಲೆನಾಡು ಮತ್ತು ಕರಾವಳಿಯ ಸೂಕ್ಷ್ಮದರ್ಶಕಗಳ ವಿಶೇಷ ಕಷ್ಟ.

ಕತ್ತಲು ಸೌಕರ್ಯದ ಮಾತಾಗಿ ಉಳಿಯದೆ ಅನಿವಾರ್ಯವಾದದ್ದು ಪ್ರತಿದೀಪ್ತಿಯ ಸೂಕ್ಷ್ಮದರ್ಶಕ ಬಂದ ಮೇಲೆ. ಕೆಲವು ವಸ್ತುಗಳು ನೇರಳಾತೀತ ಅಥವಾ ನೀಲಿ ಬೆಳಕನ್ನು ಹೀರಿ, ತಕ್ಷಣವೇ ಹಸಿರು, ಹಳದಿ ಅಥವಾ ಕೆಂಪು ಬೆಳಕನ್ನು ಹೊರಸೂಸುತ್ತವೆ. 1904ರಲ್ಲಿ ಅದೇ ಕ್ಯೋಲರ್ ನೇರಳಾತೀತ ಸೂಕ್ಷ್ಮದರ್ಶಕ ಕಟ್ಟಿದಾಗ ಇದು ಚಿತ್ರ ಕೆಡಿಸುವ ಉಪದ್ರವವಾಗಿ ಕಾಣಿಸಿತ್ತು. 1911ರಿಂದ 1913ರ ನಡುವೆ ಓಸ್ಕರ್ ಹೈಮ್‌ಸ್ಟೆಟ್ ಮತ್ತು ಹೈನ್‌ರಿಶ್ ಲೇಮನ್ ಆ ಉಪದ್ರವವನ್ನೇ ಉಪಯೋಗಕ್ಕೆ ತಿರುಗಿಸಿ ಮೊದಲ ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳನ್ನು ರೂಪಿಸಿದರು. ಇಲ್ಲಿ ಹೊರಬರುವ ಬೆಳಕು ತೀರ ಕ್ಷೀಣ. ಸ್ಲೈಡಿಗೆ ಸುರಿದ ಬೆಳಕಿನ ಲಕ್ಷದಲ್ಲೊಂದು ಪಾಲು ಕಣ್ಣಿಗೆ ತಲುಪಿದರೆ ಹೆಚ್ಚು. ಬಾಗಿಲ ಸಂದಿಯಿಂದ ಬರುವ ಹಗಲಿನ ಒಂದು ಗೀಟು ಅದನ್ನು ಮುಳುಗಿಸಿಬಿಡುತ್ತದೆ.

ಇಂಥ ಕ್ಷೀಣ ಬೆಳಕನ್ನು ಹಿಡಿಯುವ ಕಲೆಯಲ್ಲಿ ಭಾರತಕ್ಕೆ ತನ್ನದೇ ಪಾಠವಿದೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಮಾಡಿದ ಪ್ರಯೋಗದಲ್ಲಿ ಸೂರ್ಯನ ಬೆಳಕನ್ನು ಕತ್ತಲೆಯಲ್ಲಿಟ್ಟ ದ್ರವಕ್ಕೆ ಹಾಯಿಸಿ, ಒಳಬರುವ ಬೆಳಕಿನ ದಾರಿಗೆ ಒಂದು ಬಣ್ಣದ ಶೋಧಕ, ಹೊರಬರುವ ಬೆಳಕಿನ ದಾರಿಗೆ ಅದಕ್ಕೆ ಪೂರಕವಾದ ಇನ್ನೊಂದು ಶೋಧಕ ಇಟ್ಟಿದ್ದರು. ಎರಡನ್ನೂ ಒಟ್ಟಿಗೆ ಹಿಡಿದರೆ ಏನೂ ದಾಟಬಾರದು. ಆದರೂ ದಾಟಿದ ಬೆಳಕು ದ್ರವದೊಳಗೆ ಹೊಸದಾಗಿ ಹುಟ್ಟಿದ್ದು. ಪ್ರತಿದೀಪ್ತಿ ಸೂಕ್ಷ್ಮದರ್ಶಕದ ಎರಡು ಶೋಧಕಗಳ ತರ್ಕವೂ ಇದೇ. ಕಣ್ಣೇ ಮಾಪಕವಾಗಿದ್ದ ಆ ಕಾಲದಲ್ಲಿ ನೋಡುವವರು ಕತ್ತಲಿನಲ್ಲಿ ಮೊದಲು ಸುಮ್ಮನೆ ಕೂರಬೇಕಿತ್ತು. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆ ಹೊಂದಿಕೆ ಕೆಡಲು ಒಂದು ಕ್ಷಣ ಬಾಗಿಲು ತೆರೆದರೆ ಸಾಕು. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, 1948ರಲ್ಲಿ ಸ್ಥಾಪಿಸಿದ ತಮ್ಮ ಸಂಸ್ಥೆಯಲ್ಲಿ, ನೇರಳಾತೀತ ಬೆಳಕಿಗೆ ಹೊಳೆಯುವ ಖನಿಜಗಳನ್ನು ಕತ್ತಲ ಕೋಣೆಯಲ್ಲಿಟ್ಟು ಬಂದವರಿಗೆ ತೋರಿಸುತ್ತಿದ್ದರು.

ಆಸ್ಪತ್ರೆಗಳಿಗೆ ಕತ್ತಲ ಕೋಣೆ ತಂದದ್ದು ಕ್ಷಯ. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಹಾಗೆಮಾನ್ ಕ್ಷಯದ ಬ್ಯಾಕ್ಟೀರಿಯಾಕ್ಕೆ ಆರಮೀನ್ ಎಂಬ ಹೊಳೆಯುವ ಬಣ್ಣ ಹಾಕುವ ವಿಧಾನ ತೋರಿಸಿದರು. ಫೀನಾಲ್ ಬೆರೆಸಿದ ಆರಮೀನ್ ಹಾಕಿ, ಆಮ್ಲ ಬೆರೆಸಿದ ಆಲ್ಕೊಹಾಲಿನಿಂದ ತೊಳೆದು, ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಹಿನ್ನೆಲೆಯನ್ನು ಕಪ್ಪಾಗಿಸಿದರೆ, ಕಫದ ಲೇಪದಲ್ಲಿ ಬ್ಯಾಕ್ಟೀರಿಯಾಗಳು ಕಪ್ಪು ನೆಲದ ಮೇಲೆ ಹೊಂಬಣ್ಣದ ಸಣ್ಣ ಗೀರುಗಳಂತೆ ಕಾಣುತ್ತವೆ. ಸಾದಾ ಬೆಳಕಿನಲ್ಲಿ ನೋಡುವ ಹಳೆಯ ಝೀಲ್-ನೀಲ್ಸನ್ ಬಣ್ಣದ ವಿಧಾನದಲ್ಲಿ ಎಣ್ಣೆ ಹಚ್ಚಿ ಸಾವಿರ ಪಟ್ಟು ದೊಡ್ಡದಾಗಿಸಿ ನೂರು ದೃಶ್ಯಕ್ಷೇತ್ರ ನೋಡಬೇಕು. ಆರಮೀನಿನಲ್ಲಿ 200ರಿಂದ 400 ಪಟ್ಟು ಸಾಕು, ಕೆಲಸ ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ಮದರಾಸಿನ ಕ್ಷಯ ಕೀಮೋಥೆರಪಿ ಕೇಂದ್ರದಿಂದ ಹೋಲ್ಸ್ಟ್, ಮಿಚಿಸನ್ ಮತ್ತು ರಾಧಾಕೃಷ್ಣ 1959ರಲ್ಲೇ ಈ ವಿಧಾನದ ಪರೀಕ್ಷೆಯನ್ನು ಪ್ರಕಟಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆದರೆ 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಝೀಲ್-ನೀಲ್ಸನ್ ವಿಧಾನವನ್ನೇ ಉಳಿಸಿಕೊಂಡಿತು. ಅದು ಸರಿಯಾದ ನಿರ್ಧಾರ. ಕರೆಂಟಿಲ್ಲದ ಕಡೆ ಕನ್ನಡಿಯ ಬೆಳಕಿನಲ್ಲಿ ನಡೆಯುವ ಕೆಲಸವನ್ನು ಪಾದರಸದ ದೀಪ ಮತ್ತು ಕತ್ತಲ ಕೋಣೆಗೆ ಕಟ್ಟಿಹಾಕಿದ್ದರೆ ಪರೀಕ್ಷೆ ರೋಗಿಯಿಂದ ಇನ್ನೂ ದೂರವಾಗುತ್ತಿತ್ತು.

ಹೀಗಾಗಿ ಪ್ರತಿದೀಪ್ತಿ ಪರೀಕ್ಷೆ ವೈದ್ಯಕೀಯ ಕಾಲೇಜುಗಳ, ದೊಡ್ಡ ಪ್ರಯೋಗಾಲಯಗಳ ಸ್ವತ್ತಾಗಿ ಉಳಿಯಿತು. ಕರ್ನಾಟಕದಲ್ಲಿ ಅದಕ್ಕೆ ಕ್ಷಯವಲ್ಲದೆ ಬೇರೆ ಕೆಲಸಗಳೂ ಬಂದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹುಚ್ಚುನಾಯಿ ರೋಗದ ಖಚಿತ ಪತ್ತೆಗೆ ಮಿದುಳಿನ ಅಚ್ಚಿನ ಮೇಲೆ ಹೊಳೆಯುವ ಪ್ರತಿಕಾಯ ಹಾಕಿ ನೋಡುತ್ತಾರೆ. ಮಂಗಳೂರಿನಲ್ಲಿ 1848ರಷ್ಟು ಹಳೆಯದಾದ ವೆನ್ಲಾಕ್ ಆಸ್ಪತ್ರೆ, 1955ರಿಂದ ಅದನ್ನು ಬೋಧನೆಗೆ ಬಳಸುವ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, 1969ರ ಮೀನುಗಾರಿಕಾ ಕಾಲೇಜು, 1980ರಲ್ಲಿ ಕೊಣಾಜೆಯಲ್ಲಿ ನೆಲೆ ಕಂಡ ವಿಶ್ವವಿದ್ಯಾನಿಲಯ ಸೇರಿ ಸೂಕ್ಷ್ಮದರ್ಶಕವನ್ನೇ ನಂಬಿದ ಒಂದು ದೊಡ್ಡ ಬಳಗ ಬೆಳೆಯಿತು. ಅದರ ಸುತ್ತ ಖಾಸಗಿ ಲ್ಯಾಬುಗಳು ಹುಟ್ಟಿಕೊಂಡವು.

ಇಲ್ಲಿನ ಹಳೆಯ ಕಟ್ಟಡವನ್ನು ಕತ್ತಲಾಗಿಸುವುದು ಸುಲಭದ ಮಾತಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಣ್ಣಗುಡ್ಡದಂಥ ಬಡಾವಣೆಗಳ ಮನೆಗಳು ಮಂಗಳೂರು ಹಂಚಿನ ಮಾಡಿನ ಕೆಳಗೆ ಎದ್ದವು. ಆ ಮಾಡು ಉಸಿರಾಡುತ್ತದೆ. ಹಂಚು ಹಂಚಿನ ನಡುವೆ ಸಂದಿ ಇರುತ್ತದೆ, ಅಲ್ಲಲ್ಲಿ ಗಾಜಿನ ಹಂಚು, ಗೋಡೆಯ ತುದಿಗೂ ಮಾಡಿಗೂ ನಡುವೆ ಗಾಳಿಯ ದಾರಿ. ಸೆಕೆಯ ಊರಿಗೆ ಇದು ಬದುಕಿನ ಜಾಣತನ. ಕತ್ತಲ ಕೋಣೆಗೆ ಇದೇ ಶತ್ರು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದರೂ ತಲೆಯ ಮೇಲಿಂದ ಬೆಳಕಿನ ಚುಕ್ಕೆಗಳು ಇಳಿಯುತ್ತವೆ. ಇಂಥ ಮನೆಯಲ್ಲಿ ಲ್ಯಾಬ್ ಮಾಡುವವರಿಗೆ ಮುಚ್ಚಿಗೆ ಹೊಡೆಸುವುದು ಒಂದು ದಾರಿ. ಕೋಣೆಯನ್ನು ಬಿಟ್ಟು ಮೇಜನ್ನೇ ಮುಚ್ಚುವುದು ಇನ್ನೊಂದು, ಹೆಚ್ಚು ಅಗ್ಗದ ದಾರಿ: ಮರದ ಚೌಕಟ್ಟು, ಮೇಲೆ ಪ್ಲೈವುಡ್, ಮೂರು ಕಡೆ ಎರಡು ಪದರದ ಕರಿ ಬಟ್ಟೆ, ಮುಂದೆ ಒಂದರ ಮೇಲೊಂದು ಒಂದು ಗೇಣು ಹಾಯುವ ಎರಡು ಪರದೆ. ಬಟ್ಟೆಯ ಹೊಲಿಗೆಯ ಸಾಲಿನಲ್ಲಿ ಸೂಜಿಯ ತೂತುಗಳಿಂದಲೂ ಬೆಳಕು ಬರುತ್ತದೆ. ಅನುಭವಸ್ಥ ದರ್ಜಿ ಅಲ್ಲಿ ಒಳಗಿನಿಂದ ಇನ್ನೊಂದು ಪಟ್ಟಿ ಕೊಟ್ಟು ಹೊಲಿಯುತ್ತಾನೆ. ಪರದೆ ನೆಲಕ್ಕೆ ತಾಗಿ ಮಡಚಿಕೊಳ್ಳುವಷ್ಟು ಉದ್ದ ಇರಬೇಕು, ಇಲ್ಲವಾದರೆ ಬಿಳಿ ನೆಲದ ಹೊಳಪು ಕೆಳಗಿನಿಂದ ನುಗ್ಗುತ್ತದೆ.

ಕಟ್ಟಿದ ಮೇಲೆ ಶುರುವಾಗುವುದು ತೇವದ ಕಾಟ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ, ತುಳುನಾಡಿನ ಮಳೆಯ ತಿಂಗಳಾದ ಆಟಿಯ ಹೊತ್ತಿಗೆ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಸ್ಟು ಬಂದಿರುತ್ತದೆ. ಮಸೂರದ ಮೇಲೆ ಅದು ಜೇಡರ ಬಲೆಯಂಥ ಸಣ್ಣ ಎಳೆಗಳಾಗಿ ಹಬ್ಬುತ್ತದೆ. ಬೆರಳಿನ ಜಿಡ್ಡು, ಒರೆಸದೆ ಬಿಟ್ಟ ಎಣ್ಣೆಯೇ ಅದಕ್ಕೆ ಊಟ. ಬೇರು ಬಿಟ್ಟ ಮೇಲೆ ಅದು ಬಿಡುಗಡೆ ಮಾಡುವ ಆಮ್ಲ ಗಾಜಿನ ಲೇಪವನ್ನು ಕೊರೆಯುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಅಂಥ ಕಲೆ ಬೆಳಕನ್ನು ಚೆದುರಿಸುತ್ತದೆ. ಅಂದರೆ ಹೊರಗಿನಿಂದ ತಡೆದ ಬೆಳಕು ಒಳಗಿನಿಂದ ಹುಟ್ಟಿಕೊಳ್ಳುತ್ತದೆ. ಕರಿ ಪರದೆಯ ಗೂಡು ಬೂಸ್ಟಿಗೆ ಹೇಳಿ ಮಾಡಿಸಿದ ಜಾಗ. ಇದಕ್ಕೆ ಉಷ್ಣವಲಯದ ಲ್ಯಾಬುಗಳು ಕಂಡುಕೊಂಡ ಪರಿಹಾರ ಸರಳ: ಕೆಲಸ ಮುಗಿದ ಮೇಲೆ ಸೂಕ್ಷ್ಮದರ್ಶಕವನ್ನು ಮರದ ಕಪಾಟಿನಲ್ಲಿಟ್ಟು ಒಳಗೆ 40 ವ್ಯಾಟಿನ ಬಲ್ಬು ಹಗಲಿರುಳು ಉರಿಸುವುದು. ಕಪಾಟಿನ ಒಳಗಿನ ಉಷ್ಣತೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಹೆಚ್ಚಾದರೆ ಗಾಳಿಯ ತೇವ ಗಾಜಿಗೆ ಕೂರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಗಳೂ ಇದನ್ನೇ ಹೇಳುತ್ತವೆ. ಹಾಗಾಗಿ ಕರಾವಳಿಯಲ್ಲಿ ಕತ್ತಲಿನಲ್ಲಿ ದುಡಿಯುವ ಸೂಕ್ಷ್ಮದರ್ಶಕ ದೀಪ ಹಚ್ಚಿದ ಕಪಾಟಿನಲ್ಲಿ ಮಲಗುತ್ತದೆ. ಹಳೆಯ ತಂತು ಬಲ್ಬುಗಳು ಅಂಗಡಿಯಿಂದ ಮರೆಯಾಗಿ ಎಲ್‌ಇಡಿ ಬಂದದ್ದು ಈ ಪದ್ಧತಿಗೆ ಪೆಟ್ಟು ಕೊಟ್ಟಿತು. ಎಲ್‌ಇಡಿ ಬೆಳಗುತ್ತದೆ, ಆದರೆ ಕಪಾಟನ್ನು ಬೆಚ್ಚಗಿಡುವಷ್ಟು ಕಾಯುವುದಿಲ್ಲ.

1990ರ ದಶಕದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತು. ಕಟ್ಟಡ ಕಾಮಗಾರಿಗಳಲ್ಲಿ, ಟ್ಯಾಂಕಿ ಮತ್ತು ಬಾವಿಗಳಲ್ಲಿ ನಿಂತ ನೀರು ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ನೆಲೆಯಾಯಿತು. ಬಣ್ಣ ಹಾಕಿದ ರಕ್ತಲೇಪವನ್ನು ಸಾದಾ ಬೆಳಕಿನಲ್ಲಿ ನೋಡುವುದೇ ಪರೀಕ್ಷೆಯ ಬೆನ್ನೆಲುಬಾಗಿತ್ತು, ಈಗಲೂ ಆಗಿದೆ. ಅದರ ಪಕ್ಕದಲ್ಲಿ ಭಾರತದ ಲ್ಯಾಬುಗಳಿಗೆ ಕ್ಯೂಬಿಸಿ ಪರೀಕ್ಷೆಯೂ ಬಂದಿತು. ಅಕ್ರಿಡೀನ್ ಆರೆಂಜ್ ಲೇಪಿಸಿದ ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತವನ್ನು ತಿರುಗುಯಂತ್ರಕ್ಕೆ ಹಾಕಿದರೆ ಪರೋಪಜೀವಿಗಳು ಒಂದು ತೆಳು ಪಟ್ಟೆಯಲ್ಲಿ ಒಟ್ಟುಗೂಡುತ್ತವೆ. ನೀಲಿ ಬೆಳಕಿಗೆ ಅವುಗಳ ಕೋಶಕೇಂದ್ರ ಹಸಿರಾಗಿ ಹೊಳೆಯುತ್ತದೆ. ದಿನಕ್ಕೆ ಹತ್ತಾರು ಜ್ವರದ ರೋಗಿಗಳು ಬರುವ ಲ್ಯಾಬಿಗೆ ಇದರ ವೇಗ ಬೇಕಿತ್ತು. ಅದರೊಂದಿಗೆ ಮಬ್ಬುಗತ್ತಲಿನ ಮೂಲೆಯೂ ಬೇಕಾಯಿತು.

ಅಷ್ಟರಲ್ಲಿ ಉಪಕರಣವೇ ಬದಲಾಗಿತ್ತು. ಹಳೆಯ ಮಾದರಿಯಲ್ಲಿ ನೇರಳಾತೀತ ಬೆಳಕು ಸ್ಲೈಡಿನ ಕೆಳಗಿನಿಂದ ಬರುತ್ತಿತ್ತು, ಅದರ ಬಹುಪಾಲು ಸ್ಲೈಡನ್ನು ದಾಟಿ ಕಣ್ಣಿನತ್ತಲೇ ಸಾಗುತ್ತಿತ್ತು. 1960ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನ ಬಾಸ್ ಪ್ಲೂಮ್ ಬಣ್ಣ ಬೇರ್ಪಡಿಸುವ ಕನ್ನಡಿಯ ಮೂಲಕ ಬೆಳಕನ್ನು ಮೇಲಿನಿಂದ, ನೋಡುವ ಮಸೂರದ ಮೂಲಕವೇ ಇಳಿಸುವ ವಿಧಾನವನ್ನು ಬಳಕೆಗೆ ಯೋಗ್ಯವಾಗಿಸಿದರು. ಸುತ್ತ ಚೆಲ್ಲುವ ಬೆಳಕು ಬಹಳ ಕಡಿಮೆಯಾಯಿತು. ಉಳಿದದ್ದು ಪಾದರಸದ ದೀಪ. ಅದರ ಆಯುಷ್ಯ ಇನ್ನೂರು ಮುನ್ನೂರು ಗಂಟೆ, ಶಾಖ ವಿಪರೀತ, ಒಡೆದರೆ ಪಾದರಸದ ಆವಿ. ಮುಚ್ಚಿದ ಗೂಡಿನಲ್ಲಿ ಅದರ ಪಕ್ಕ ಕೂತು ಸ್ಲೈಡ್ ಓದುವುದು ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ನಿಜಕ್ಕೂ ಶಿಕ್ಷೆ. ನೀಲಿ ಎಲ್‌ಇಡಿ ಆ ಶಿಕ್ಷೆಯಿಂದ ಬಿಡಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪರೀಕ್ಷೆಗೆ ಎಲ್‌ಇಡಿ ಸೂಕ್ಷ್ಮದರ್ಶಕಗಳನ್ನು ಶಿಫಾರಸು ಮಾಡಿತು. ಸಾವಿರಾರು ಗಂಟೆ ಬಾಳಿಕೆ, ಬ್ಯಾಟರಿಯಲ್ಲೂ ನಡೆಯುವ ಗುಣ, ಕತ್ತಲ ಕೋಣೆಯ ಹಂಗಿಲ್ಲದಿರುವುದು ಅದಕ್ಕೆ ಮುಖ್ಯ ಕಾರಣಗಳು. ಭಾರತದ ಕ್ಷಯ ಕಾರ್ಯಕ್ರಮವೂ ವೈದ್ಯಕೀಯ ಕಾಲೇಜುಗಳಿಂದ ಆರಂಭಿಸಿ ಅವನ್ನು ಅಳವಡಿಸಿಕೊಂಡಿತು. ಪರದೆಗಳು ಇಳಿದವು. ಕತ್ತಲು ಉಳಿದುಕೊಂಡದ್ದು ಸ್ಲೈಡಿಗೆ ಮಾತ್ರ: ಆರಮೀನಿನ ಹೊಳಪು ಬೆಳಕಿಗೆ ಮಾಸುವುದರಿಂದ ಬಣ್ಣ ಹಾಕಿದ ಸ್ಲೈಡುಗಳನ್ನು ಈಗಲೂ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಆದಷ್ಟು ಅದೇ ದಿನ ಓದುತ್ತಾರೆ.

ಆಸ್ಪತ್ರೆಯಿಂದ ಹೊರಬಿದ್ದ ಗೂಡು ಸಂಶೋಧನಾಲಯದಲ್ಲಿ ಹೊಸ ರೂಪ ತಾಳಿತು. 1990ರಲ್ಲಿ ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್ ಎರಡು ಫೋಟಾನುಗಳ, ಅಂದರೆ ಬೆಳಕಿನ ಕಣಗಳ, ಸೂಕ್ಷ್ಮದರ್ಶಕವನ್ನು ಪ್ರಕಟಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಲೋಳೆಮೀನಿನ ಹಸಿರು ಪ್ರೋಟೀನನ್ನು ಬೇರೆ ಜೀವಿಯೊಳಗೆ ಹೊಳೆಯಿಸಿದರು. ಸ್ಲೈಡಿನ ಮೇಲೆ ಈಗ ಸತ್ತ ಬ್ಯಾಕ್ಟೀರಿಯಾದ ಬದಲು ಬದುಕಿರುವ ಜೀವಕೋಶ, ನೋಡುವುದಕ್ಕೆ ಕಣ್ಣಿನ ಬದಲು ಒಂದೊಂದು ಫೋಟಾನನ್ನೂ ಎಣಿಸುವ ಪತ್ತೆಕಾರಕ. ಎರಡು ಫೋಟಾನಿನ ಉಪಕರಣದಲ್ಲಿ ಹಿಂತಿರುಗುವ ಬೆಳಕನ್ನು ಸೂಜಿರಂಧ್ರದಿಂದ ಸೋಸುವುದಿಲ್ಲ. ಬಂದದ್ದೆಲ್ಲವೂ ಪತ್ತೆಕಾರಕಕ್ಕೆ ಹೋಗುತ್ತದೆ, ಅದರೊಂದಿಗೆ ಕೋಣೆಯ ಬೆಳಕೂ ಹೋಗುತ್ತದೆ. ವಿದ್ಯುತ್ ಹಾಯುತ್ತಿರುವಾಗ ಟ್ಯೂಬ್‌ಲೈಟಿನ ಬೆಳಕು ಬಿದ್ದರೆ ದುಬಾರಿ ಪತ್ತೆಕಾರಕ ಹಾಳಾಗಲೂಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಂಥ ಕಡೆ ಇಂಥ ಉಪಕರಣಗಳು ಬಂದ ಮೇಲೆ ಕತ್ತಲ ಪೆಟ್ಟಿಗೆಯೂ ಮರಳಿ ಬಂದಿತು.

ಇಂದಿನ ಪೆಟ್ಟಿಗೆಯ ಎಲುಬು ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು, ಚರ್ಮ ಕಪ್ಪು ಪ್ಲಾಸ್ಟಿಕ್ ಹಲಗೆ ಅಥವಾ ರಬ್ಬರು ಹಚ್ಚಿದ ನೈಲಾನ್ ಬಟ್ಟೆ. ಕಪ್ಪೆಲ್ಲವೂ ಒಂದೇ ಕಪ್ಪಲ್ಲ. ಕಣ್ಣಿಗೆ ಕಡುಗಪ್ಪಾಗಿ ಕಾಣುವ ಕೆಲವು ಬಟ್ಟೆಗಳು, ಕಪ್ಪು ಲೇಪದ ಅಲ್ಯೂಮಿನಿಯಂ ಕೂಡ, ಅವರಕ್ತ ಬೆಳಕನ್ನು ಚೆನ್ನಾಗಿಯೇ ಪ್ರತಿಫಲಿಸುತ್ತವೆ; ಕಣ್ಣು ನಂಬಿದ ಕತ್ತಲನ್ನು ಪತ್ತೆಕಾರಕ ನಂಬುವುದಿಲ್ಲ. ನಯವಾದ ಕಪ್ಪು ಹಲಗೆ ಓರೆಯಾಗಿ ಬಿದ್ದ ಬೆಳಕಿಗೆ ಹೊಳೆಯುವುದರಿಂದ ಒಳಗೆ ಮಕಮಲ್ಲಿನಂಥ ಹೊದಿಕೆ ಅಂಟಿಸುತ್ತಾರೆ. ಕೀಲುಗಳಲ್ಲಿ ಅಂಚು ಅಂಚಿಗೆ ತಾಗಿದರೆ ಸಾಲದು, ಒಂದರ ಮೇಲೊಂದು ಹಾಯಬೇಕು. ತಂತಿಗಳು ಒಳಹೋಗುವ ಕಂಡಿಗೆ ಎರಡು ತಿರುವಾದರೂ ಬೇಕು: ತಂತಿ ಬಾಗುತ್ತದೆ, ಬೆಳಕು ಬಾಗುವುದಿಲ್ಲ, ಪ್ರತಿ ಗೋಡೆಗೆ ಬಡಿದಾಗಲೂ ಅದು ಸೋಲುತ್ತ ಹೋಗುತ್ತದೆ. ಎಲ್ಲ ಮುಗಿದ ಮೇಲೂ ಅಳತೆಯಲ್ಲಿ ಬೆಳಕು ಕಂಡರೆ ಅದರ ಮೂಲ ಹೆಚ್ಚಾಗಿ ಒಳಗೇ ಇರುತ್ತದೆ, ಕ್ಯಾಮೆರಾದ ಅಥವಾ ಮೋಟಾರಿನ ಮೇಲಿನ ಪುಟ್ಟ ಸೂಚಕ ದೀಪ. ಅದಕ್ಕೆ ಕಪ್ಪು ಟೇಪು. ಪರೀಕ್ಷೆಯ ಕ್ರಮವೂ ನೇರವಾದದ್ದು: ಕೋಣೆಯ ದೀಪ ಆರಿಸಿ ಪತ್ತೆಕಾರಕದ ಎಣಿಕೆ ಬರೆದುಕೊಳ್ಳುವುದು, ದೀಪ ಹಚ್ಚಿ ಮತ್ತೆ ಬರೆದುಕೊಳ್ಳುವುದು. ಎರಡೂ ಒಂದೇ ಆಗುವವರೆಗೆ ಟಾರ್ಚ್ ಹಿಡಿದು ಕೀಲು ಕೀಲನ್ನೂ ಹುಡುಕಬೇಕು. ಲೇಸರ್ ಇರುವ ಪೆಟ್ಟಿಗೆಗೆ ಇನ್ನೊಂದು ಕೆಲಸವಿದೆ, ಒಳಗಿನ ಬೆಳಕಿನಿಂದ ಹೊರಗಿನ ಕಣ್ಣುಗಳನ್ನು ಕಾಯುವುದು. ಆದ್ದರಿಂದ ಬಾಗಿಲು ತೆರೆದೊಡನೆ ಲೇಸರಿನ ಕಿಂಡಿ ಮುಚ್ಚಿ, ಪತ್ತೆಕಾರಕದ ವಿದ್ಯುತ್ತು ನಿಲ್ಲುವಂತೆ ಸ್ವಿಚ್ ಜೋಡಿಸುತ್ತಾರೆ.

ಕರಾವಳಿಯಲ್ಲಿ ಈ ಪೆಟ್ಟಿಗೆ ಕಟ್ಟುವವರು ಬಯಲುಸೀಮೆಯ ನಕ್ಷೆಯನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಪ್ಲೈವುಡ್ ಮಳೆಗಾಲದಲ್ಲಿ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಸಂದಿ ಬಿಡುತ್ತದೆ; ಮಕಮಲ್ಲು ತೇವ ಹೀರಿ ಮುಗ್ಗಲಾಗುತ್ತದೆ. ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಇಲ್ಲಿ ಮರಕ್ಕಿಂತ ವಾಸಿ. ಗಾಳಿಗೆ ಕೆಳಗೊಂದು, ಮೇಲೊಂದು ದಾರಿ ಬಿಟ್ಟು, ಎರಡಕ್ಕೂ ಒಳಗೆ ಕಪ್ಪು ಬಳಿದ ತಿರುವುಗಳ ಕೊಳವೆ ಜೋಡಿಸಿ, ಮೇಲಿನದಕ್ಕೆ ಸಣ್ಣ ಫ್ಯಾನ್ ಇಟ್ಟರೆ ಕತ್ತಲು ಕೆಡದೆ ಗಾಳಿ ಆಡುತ್ತದೆ. ಫ್ಯಾನಿನ ನಡುಕ ಚಿತ್ರಕ್ಕೆ ತಾಗದಂತೆ ಅದನ್ನು ಪೆಟ್ಟಿಗೆಯಿಂದ ದೂರವಿಟ್ಟು ಮೆತ್ತನೆಯ ಕೊಳವೆಯಿಂದ ಸೇರಿಸುವುದು ಒಳ್ಳೆಯದು. ಒಳಗೆ ಒಂದು ತೇವಮಾಪಕ ಇರಬೇಕು. ಸಾಪೇಕ್ಷ ತೇವ ನೂರಕ್ಕೆ ಅರವತ್ತರ ಕೆಳಗೆ ಇದ್ದರೆ ಬೂಸ್ಟಿನ ಭಯ ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೋಣೆಯ ಎ.ಸಿ. ಒಂದೇ ಸಾಲದೆ ತೇವ ಹೀರುವ ಯಂತ್ರವನ್ನೂ ಇಡಬೇಕಾಗುತ್ತದೆ. ರಾತ್ರಿ ಎ.ಸಿ. ಆರಿಸಿ ಬೆಳಿಗ್ಗೆ ಹಚ್ಚುವ ಪದ್ಧತಿ ತೀರ ಕೆಟ್ಟದ್ದು, ತಣ್ಣಗಾದ ಗಾಜಿಗೆ ಹೊರಗಿನ ಬಿಸಿ ಗಾಳಿ ತಾಗಿದಾಗಲೆಲ್ಲ ನೀರು ಕೂರುತ್ತದೆ. ಬಿಡಿ ಮಸೂರಗಳನ್ನು ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತಾರೆ. ಅದರ ನೀಲಿ ಹರಳುಗಳು ಗುಲಾಬಿಯಾದಾಗ ಒಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿಕೊಳ್ಳಬಹುದು. ಮಂಗಳೂರಿನ ಜುಲೈಯಲ್ಲಿ ಈ ಕೆಲಸ ವಾರವಾರವೂ ಬರುತ್ತದೆ.